ಹೋಲಿಕೆ ಮನೆಯ ಹೊಗೆ

ಹಗ್ಗದಣ್ಣನ ಅಡುಗೆಮನೆಯ ಗೋಡೆಗೆ ಸರ್ಕಾರ ಬಂದು ನೇತುಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ನೋಡುವುದಕ್ಕೆ ಅದೊಂದು ಬಿಳಿ ಡಬ್ಬಿ. ಎರಡು ಸೋಪಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಷ್ಟು ಗಾತ್ರ, ಮುಂಭಾಗಕ್ಕೆ ಜರಡಿಯ ಹಾಗೆ ತೂತು, ಮೂಲೆಯಲ್ಲಿ ಬಟಾಣಿಯಷ್ಟು ದೀಪ. ಮನೆಯ ಗಾಳಿ ಚೊಕ್ಕಟವಾಗಿದ್ದರೆ ದೀಪ ಹಸಿರು, ಹೊಗೆ ಸೇರಿದರೆ ಹಳದಿ, ಹೊಗೆ ಮಿತಿಮೀರಿದರೆ ಕೆಂಪು. ಹಗಲೂ ಇರುಳೂ ಅದು ಆ ಮನೆಯ ಗಾಳಿಯನ್ನು ಮೂಸಿ ನೋಡಿ, ಕಂಡದ್ದನ್ನು ನಗರದ ಸಂಶೋಧನಾ ಕೇಂದ್ರಕ್ಕೆ ತಾನೇ ವರದಿ ಮಾಡುತ್ತಿತ್ತು. ಯಾರ ಮನೆಯ ಗಾಳಿಯನ್ನಾದರೂ ಸರ್ಕಾರ ಇಷ್ಟು ಹತ್ತಿರದಿಂದ ವಿಚಾರಿಸಿಕೊಂಡದ್ದು ಆ ಕೇರಿಯ ನೆನಪಿನಲ್ಲೇ ಇರಲಿಲ್ಲ.

ಕೇರಿ ಅಂದರೆ ಹಳ್ಳದ ಪಕ್ಕದ ತಗ್ಗಿನಲ್ಲಿ ಇಪ್ಪತ್ನಾಲ್ಕು ಮನೆ. ಎದುರು ಮನೆಯ ಕಮ್ಮಾರನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲರದೂ ಹಗ್ಗ ಹೊಸೆಯುವ ಕಸುಬು. ಎಲ್ಲರೂ ಹಗ್ಗ ಹೊಸೆಯುವ ಕಡೆ ಒಬ್ಬನಿಗೇ ಹಗ್ಗದಣ್ಣ ಎಂಬ ಹೆಸರು ಬಂದದ್ದು ಹೇಗೆಂದು ಹೊಸಬರು ಕೇಳುವುದುಂಟು. ಅದು ಅವನ ಕಸುಬಿಗೆ ಬಂದ ಹೆಸರಲ್ಲ, ಮಾತಿನ ಉದ್ದಕ್ಕೆ ಬಂದದ್ದು.

ಸರ್ಕಾರ ಶುದ್ಧ ಇಂಧನದ ಸಂಶೋಧನೆಗೆ ಅನುದಾನ ಕೊಟ್ಟಿತ್ತು. ದುರ್ಬಲ ಸಮುದಾಯಗಳಿಗೆ ಆದ್ಯತೆ ಎಂದು ಆ ಅನುದಾನದ ಕಾಗದದಲ್ಲಿ ಒಂದು ಸಾಲಿತ್ತು. ಪಂಚಾಯಿತಿಯ ಗುಮಾಸ್ತ ಅದನ್ನು ಕೇರಿಯ ಮಧ್ಯೆ ನಿಂತು ಓದಿದಾಗಲೇ ಮೊದಲ ತಕರಾರು ಹುಟ್ಟಿತು. ಹಾರೆಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಬಲ್ಲ ಕಮ್ಮಾರ, ತಾನು ದುರ್ಬಲ ಎಂದು ಬರೆದ ಕಾಗದಕ್ಕೆ ತಾನೇ ಸಹಿ ಹಾಕುವುದು ಹೇಗೆ ಎಂದು ಕೇಳಿದ. ದುರ್ಬಲವಾಗಿರುವುದು ತೋಳಲ್ಲ, ಕೇರಿ. ನೀರು ನುಗ್ಗುವುದಕ್ಕೆ ಮೊದಲನೆಯದು, ಕರೆಂಟು ಬರುವುದಕ್ಕೆ ಕೊನೆಯದು, ಕೆಮ್ಮಿನಲ್ಲಂತೂ ತಾಲ್ಲೂಕಿಗೇ ಮುಂದು ಎಂದು ಗುಮಾಸ್ತ ಅರ್ಧ ಗಂಟೆ ವಿವರಿಸಿದ ಮೇಲೆ ಕಮ್ಮಾರ ಸಹಿ ಹಾಕಿದ. ಸಹಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ತೋಳು ಬಿಟ್ಟು’ ಎಂದು ಸೇರಿಸಿದ.

ಯೋಜನೆ ಸರಳವಾಗಿತ್ತು. ನಾರಿನ ಹೊಟ್ಟನ್ನು ಒತ್ತಿ ಮಾಡಿದ ಬಿಲ್ಲೆ ಹಾಕಿ ಉರಿಸುವ ಕಬ್ಬಿಣದ ಒಲೆ. ಒಳಗೆ ಪುಟ್ಟದೊಂದು ಫ್ಯಾನು. ಫ್ಯಾನು ತಿರುಗಿಸಲು ಮಾಡಿನ ಮೇಲೊಂದು ಸೌರ ಹಲಗೆ. ಮೊದಲ ಹಂತದಲ್ಲಿ ಎಂಟು ಮನೆಗೆ ಒಲೆ, ಜೊತೆಗೆ ಗಾಳಿ ಅಳೆಯುವ ಇಂಥದೇ ಒಂದೊಂದು ಡಬ್ಬಿ. ಮೂರು ತಿಂಗಳಲ್ಲಿ ಹೊಗೆ ನಿಜವಾಗಿ ಕಡಿಮೆಯಾಯಿತು ಎಂದು ಲೆಕ್ಕ ತೋರಿಸಿದರೆ ಎರಡನೆಯ ಹಂತದಲ್ಲಿ ಉಳಿದ ಹದಿನಾರು ಮನೆಗೂ. ಆದರೆ ಕಡಿಮೆಯಾಯಿತು ಎನ್ನಲು ಯಾವುದಕ್ಕಿಂತ ಕಡಿಮೆ ಎಂದು ತೋರಿಸಬೇಕಲ್ಲ? ಅದಕ್ಕೆ ಒಂದು ಮನೆ ಬೇಕು. ಅಲ್ಲಿ ಹಳೆಯ ಒಲೆಯೇ ಉರಿಯುತ್ತದೆ, ಯಂತ್ರ ಅಳೆಯುತ್ತದೆ. ಗುಮಾಸ್ತನ ಊಟದ ಡಬ್ಬಿಯಲ್ಲಿ ಚೀಟಿ ಕುಲುಕಿ ಎತ್ತಿದಾಗ ‘ಹೋಲಿಕೆ ಮನೆ’ ಎಂಬ ಚೀಟಿ ಹಗ್ಗದಣ್ಣನ ಪಾಲಿಗೆ ಬಂತು.

ಸಂಶೋಧನೆಯ ಮೇಡಂ ಕನ್ನಡಕ ಹಾಕಿದ, ನಿಧಾನವಾಗಿ ಮಾತಾಡುವ ಹೆಂಗಸು. ಹಗ್ಗದಣ್ಣನ ಜಗಲಿಯ ಮೇಲೆ ಕೂತು ಇದನ್ನೆಲ್ಲ ಎರಡು ಸಲ ಬಿಡಿಸಿ ಹೇಳಿದಳು. ತಪ್ಪು ಅವಳದಲ್ಲ. ಏಳುವಾಗ ಅವಳು ಹೇಳಿದ ಕೊನೆಯ ಮಾತಿನಿಂದ ಎಲ್ಲ ಕೆಟ್ಟಿತು.

“ನಮಗೋಸ್ಕರ ಅಂತ ಏನೂ ಮಾಡಬೇಡಿ ಯಜಮಾನರೇ. ದಿನಾ ಹೇಗಿರ್ತೀರೋ ಹಾಗೇ ಇದ್ದುಬಿಡಿ.”

ಈ ಮಾತನ್ನು ಹಗ್ಗದಣ್ಣ ಹುಟ್ಟಿದಂದಿನಿಂದ ಕೇಳಿದ್ದ. ಮನೆಗೆ ಬಂದ ನೆಂಟರೆಲ್ಲ ಹೇಳುವುದು ಇದನ್ನೇ. ಹೀಗೆಂದ ನೆಂಟರನ್ನು ನಂಬಿ ದಿನದ ಗಂಜಿಯನ್ನೇ ಬಡಿಸಿದ ಮನೆಗೆ ಆಮೇಲೆ ಯಾವ ಹೆಸರು ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಸೋದರತ್ತೆಯ ಮನೆಗೆ ಅಂಥ ಹೆಸರು ಬಂದು ಇಪ್ಪತ್ತು ವರ್ಷವಾದರೂ ಹೋಗಿರಲಿಲ್ಲ. ಏನೂ ಮಾಡಬೇಡಿ ಎಂದು ಬಂದವರು ಎಷ್ಟು ಒತ್ತಿ ಹೇಳುತ್ತಾರೋ, ಮಾಡುವುದು ಅಷ್ಟು ಹೆಚ್ಚಿರಬೇಕು. ಮೇಡಂ ಬಹಳ ಒತ್ತಿ ಹೇಳಿದ್ದಳು.

ಅವಳ ಜೀಪು ತಿರುವು ದಾಟುವ ಮೊದಲೇ ಹಗ್ಗದಣ್ಣ ಒಳಗೆ ಬಂದು ಹೆಂಡತಿಗೆ, ಇನ್ನು ಮೇಲೆ ಈ ಮನೆಯೊಳಗೆ ಒಲೆ ಹಚ್ಚಕೂಡದು ಎಂದ.

ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, ಹಾಗಾದರೆ ಊಟವನ್ನು ಕೂಡ ಯಂತ್ರವೇ ಹಾಕುತ್ತದೆಯೇ ಎಂದು ಕೇಳಿದಳು. ಹಗ್ಗದಣ್ಣ ಅದಕ್ಕೂ ಯೋಚನೆ ಮಾಡಿದ್ದ. ಹಿತ್ತಲಲ್ಲಿ, ಹಗ್ಗ ಎಳೆಯುವ ಓಣಿಯ ಕೊನೆಗೆ, ನಾಲ್ಕು ಕಂಬದ ಮೇಲೊಂದು ಗರಿಯ ಚಪ್ಪರ. ಅದರ ಕೆಳಗೆ ಮೂರು ಕಲ್ಲು. ಅಂದು ಸಂಜೆಯೇ ಅಡುಗೆ ಅಲ್ಲಿಗೆ ಹೋಯಿತು.

ಒಂದು ವಿಷಯ ಇಲ್ಲಿ ಹೇಳಬೇಕು. ಅತ್ತೆಯ ಕೆಮ್ಮು ಹೆಚ್ಚಾಗುತ್ತಿದೆ, ಒಲೆಯನ್ನು ಹೊರಗಾದರೂ ಹಾಕೋಣ ಎಂದು ಹೆಂಡತಿ ಏಳೆಂಟು ವರ್ಷದಿಂದ ಕೇಳುತ್ತಿದ್ದಳು. ಬೀದಿಯವರ ಕಣ್ಣಿಗೆ ಬೀಳುವ ಹಾಗೆ ಹಿತ್ತಲಲ್ಲಿ ಬೇಯಿಸಿದರೆ ಮನೆಯ ಮರ್ಯಾದೆ ಏನಾದೀತು ಎಂದು ಹಗ್ಗದಣ್ಣ ಒಪ್ಪಿರಲಿಲ್ಲ. ಹೆಂಡತಿಯ ಮಾತಿಗೆ, ತಾಯಿಯ ಕೆಮ್ಮಿಗೆ ಜಗ್ಗದ ಒಲೆ ಒಂದು ಡಬ್ಬಿಯ ಮುಲಾಜಿಗೆ ಒಂದೇ ಸಂಜೆಯಲ್ಲಿ ಹೊರನಡೆಯಿತು. ಹೆಂಡತಿ ಅದನ್ನು ಗಮನಿಸಿದಳು.

ಯಂತ್ರದ ಉಪಚಾರ ಅಲ್ಲಿಗೆ ನಿಲ್ಲಲಿಲ್ಲ. ಗೋಡೆಗೆ ಸುಣ್ಣ ಬಿತ್ತು. ಧೂಳು ಕೂರಬಾರದೆಂದು ಯಂತ್ರದ ಎದುರಿಗೆ ಹಳೆಯ ಸೀರೆಯ ಪರದೆ ಬಂತು. ಮುದುಕಿ ಎಣ್ಣೆ ದೀಪ ಹಚ್ಚುವ ಜಾಗ ಜಗಲಿಗೆ ಹೋಯಿತು. ಕೆಮ್ಮು ಬಂದರೆ ಯಂತ್ರದ ಕಡೆ ಮುಖ ಮಾಡಿ ಕೆಮ್ಮಬೇಡ ಎಂದು ಅವಳಿಗೆ ಅಪ್ಪಣೆಯಾಯಿತು. ಮುದುಕಿ ಆಜ್ಞೆ ಪಾಲಿಸಿದಳು. ಆದರೆ ತಿಂಗಳು ಕಳೆಯುವುದರೊಳಗೆ ಕೆಮ್ಮೇ ಬರುವುದನ್ನು ಬಿಟ್ಟಿತು. ಇದು ಡಬ್ಬಿಯ ಮಹಿಮೆ ಎಂದು ಅವಳು ಯಾರೂ ಇಲ್ಲದಾಗ ಅದಕ್ಕೆ ಕೈ ಮುಗಿಯತೊಡಗಿದಳು.

ದೀಪ ಹಗಲಿಡೀ ಹಸಿರು. ಹಗ್ಗದಣ್ಣ ದಾರಿಹೋಕರನ್ನು ಕರೆದು, ಮಣೆ ಹಾಕಿ ಕೂರಿಸಿ, ಪರದೆ ಸರಿಸಿ ತೋರಿಸುತ್ತಿದ್ದ. ಒಲೆ ಪಡೆದ ಎಂಟು ಮನೆಗಳಲ್ಲಿ ಆಗೀಗ ಹಳದಿ ಮಿನುಗುತ್ತಿತ್ತು. ಬಿಲ್ಲೆಯನ್ನು ಬಿಸಿಲಿಗಿಟ್ಟು ಒಣಗಿಸಲು ಒಬ್ಬರು ಮರೆಯುತ್ತಿದ್ದರು, ಫ್ಯಾನಿನ ಸದ್ದಿಗೆ ಮಗು ಏಳುತ್ತದೆಂದು ಇನ್ನೊಬ್ಬರು ಅದನ್ನು ಆರಿಸುತ್ತಿದ್ದರು. ಹಗ್ಗದಣ್ಣ ಆ ಮನೆಗಳಿಗೆ ಹೋಗಿ ಬುದ್ಧಿ ಹೇಳಿ ಬರುತ್ತಿದ್ದ.

“ಸರ್ಕಾರ ನಿಮಗೆ ಒಲೆ ಕೊಟ್ಟಿತು. ನನಗೆ ಅದೂ ಕೊಡಲಿಲ್ಲ, ಬರೀ ನಂಬಿಕೆ ಕೊಟ್ಟಿತು. ಯಾರದು ಹಸಿರು ನೋಡಿ,” ಎಂದು ಕಮ್ಮಾರನ ಅಂಗಳದಲ್ಲಿ ನಿಂತು ಹೇಳಿದ.

ಕಮ್ಮಾರನ ಮನೆಗೂ ಒಲೆ ಬಂದಿತ್ತು. ಅವನು ಸುತ್ತಿಗೆ ಕೆಳಗಿಡದೆ, “ಹಗ್ಗದಣ್ಣ, ನಿನ್ನ ಮನೆ ಹೊಗೆ ಎಲ್ಲ ನನ್ನ ಮನೆ ಕಿಟಕೀಲಿ ಬರ್ತಾ ಇದೆ. ನನ್ನ ಹಳದಿಗೆ ಅರ್ಧ ಪಾಲು ನಿಂದು,” ಎಂದ. ಗಾಳಿಯ ದಿಕ್ಕು ನೋಡಿದರೆ ಅದು ನಿಜವೇ ಆಗಿತ್ತು.

ಹಿತ್ತಲ ಅಡುಗೆ ಸುಲಭದ್ದೂ ಆಗಿರಲಿಲ್ಲ. ಗಾಳಿಗೆ ಉರಿ ಪಾತ್ರೆಯನ್ನು ಬಿಟ್ಟು ಪಕ್ಕಕ್ಕೆ ಓಡುತ್ತಿತ್ತು. ಮಳೆ ಹನಿದರೆ ಅರ್ಧ ಬೆಂದ ಅನ್ನ ಹಾಗೇ ಉಳಿಯುತ್ತಿತ್ತು. ಒಂದು ಮಧ್ಯಾಹ್ನ ಕಿಡಿ ಹಾರಿ ಒಣ ನಾರಿನ ಒಂದು ಕಟ್ಟು ಬೂದಿಯಾಯಿತು. ಹೆಂಡತಿ ಕೊಡ ನೀರು ಸುರಿದ ಕಾರಣ ಉಳಿದವು ಉಳಿದವು. ಇದೆಲ್ಲ ಯಂತ್ರದ ಕಣ್ಣಿಗೆ ಬೀಳಲಿಲ್ಲ. ಅದು ಒಳಗೆ ಹಸಿರಾಗಿ ಕೂತಿತ್ತು.

ಮೂರು ತಿಂಗಳು ತುಂಬುವ ಹೊತ್ತಿಗೆ ಮೇಡಂ ಬಂದಳು. ಬಂದವಳು ಹಗ್ಗದಣ್ಣನ ಮನೆಗೆ ಬಾರದೆ ನೇರ ಗುಮಾಸ್ತನ ಕೋಣೆಗೆ ಹೋಗಿ ಕಾಗದ ಹರಡಿದಳು. ಕೇರಿಯಲ್ಲಿ ಅತ್ಯಂತ ಶುದ್ಧವಾದ ಗಾಳಿ ಒಲೆ ಕೊಡದ ಮನೆಯದು ಎಂದು ಲೆಕ್ಕ ಹೇಳುತ್ತಿತ್ತು. ಅನುದಾನ ನೋಡಿಕೊಳ್ಳುವ ದೊಡ್ಡ ಸಾಹೇಬರು ಅದರ ಮೇಲೆ ಕೆಂಪು ಶಾಯಿಯಲ್ಲಿ ಪ್ರಶ್ನೆ ಹಾಕಿದ್ದರು. ಒಲೆಯಿಲ್ಲದೆಯೇ ಗಾಳಿ ಇಷ್ಟು ಚೆನ್ನಾಗಿರುವಾಗ ಉಳಿದ ಹದಿನಾರು ಮನೆಗೆ ಒಲೆ ಏಕೆ, ಸಂಶೋಧನೆಯಾದರೂ ಏಕೆ? ಗುರುವಾರ ಖುದ್ದಾಗಿ ಬಂದು ನೋಡುತ್ತೇನೆ. ಸಮಾಧಾನವಾಗದಿದ್ದರೆ ಎರಡನೆಯ ಹಂತ ರದ್ದು.

ಮೇಡಂ ಹೇಳಿದ್ದು ಗುಮಾಸ್ತನಿಗೆ. ಗುಮಾಸ್ತ ಹೇಳಿದ್ದು ಯಾರಿಗೂ ಹೇಳಬೇಡಿ ಎಂದು ನಾಲ್ಕು ಜನಕ್ಕೆ. ಸಂಜೆಗೆ ಒಲೆ ಬರಬೇಕಿದ್ದ ಉಳಿದ ಹದಿನೈದು ಮನೆಯವರೂ ಹಗ್ಗದಣ್ಣನ ಜಗಲಿಯ ಮುಂದಿದ್ದರು.

ಯಾರೂ ಕೂಗಾಡಲಿಲ್ಲ. ಎರಡು ಕೈಗೂಸುಗಳ ತಾಯಿಯೊಬ್ಬಳು, ನಮ್ಮ ಮನೆಗೂ ಒಲೆ ಬರುತ್ತದೆಂದು ಕಾದಿದ್ದೆ, ಇನ್ನು ಬಾರದೇ ಎಂದಷ್ಟೇ ಕೇಳಿದಳು. ಯಂತ್ರ ತನ್ನ ಗೋಡೆಗೆ ಬಂದದ್ದು ಮನೆಯ ಚೊಕ್ಕಟ ನೋಡಲಲ್ಲ, ಹೊಗೆ ಅಳೆಯಲು ಎಂಬುದು ಹಗ್ಗದಣ್ಣನಿಗೆ ಆಗ ಹೊಳೆಯಿತು.

“ಅವರು ಹಾಗೇ ಇರಿ ಅಂದಿದ್ದು ನಿಜವಾಗ್ಲೂ ಹಾಗೇ ಇರಿ ಅಂತಲಾ?” ಎಂದು ಹೆಂಡತಿಯನ್ನು ಕೇಳಿದ.

“ಓದಿದವರು. ಅವರಿಗೆ ಉಪಚಾರದ ಮಾತು ಬರಲ್ಲ,” ಎಂದಳು ಅವಳು.

ತಪ್ಪು ಒಪ್ಪಿಕೊಂಡುಬಿಡೋಣ ಎಂದು ಅವಳು ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ಗಂಡಸರ ಸಭೆ ಬೇರೆಯೇ ತೀರ್ಮಾನಕ್ಕೆ ಬಂದಿತ್ತು. ಸಾಹೇಬರಿಗೆ ಹೊಗೆ ಬೇಕು, ಹೊಗೆ ಕೊಟ್ಟರಾಯಿತು. ಗುರುವಾರಕ್ಕೆ ಇನ್ನು ಎರಡು ದಿನ.

ಗುರುವಾರ ಬೆಳಿಗ್ಗೆ ಒಲೆ ಒಳಗೆ ಬಂತು. ಪರದೆ ಹೋಯಿತು. ಮುದುಕಿಯನ್ನು ಹೊಗೆಯಿಂದ ದೂರ, ಹಳ್ಳದ ಆಚೆಯ ನೆಂಟರ ಮನೆಗೆ ಕಳಿಸಿದರು. ಹಗ್ಗದಣ್ಣ ದಿನದ ಸೌದೆ ಹಚ್ಚಿ ಬಿಟ್ಟಿದ್ದರೆ ದಿನದ ಹೊಗೆ ಬರುತ್ತಿತ್ತು. ಆದರೆ ಬರುವವರು ದೊಡ್ಡ ಸಾಹೇಬರು. ಅವರ ಅಂತಸ್ತಿಗೆ ತಕ್ಕ ಹೊಗೆ ಬೇಡವೇ? ಒಬ್ಬರು ಹಸಿ ಸೌದೆ ತಂದರು, ಒಬ್ಬರು ನೆನೆದ ನಾರು ತಂದರು, ಕೈಗೂಸುಗಳ ತಾಯಿ ತನ್ನ ಪಾಲಿಗೆ ಒಂದು ಬುಟ್ಟಿ ಒದ್ದೆ ಎಲೆ ತಂದಳು. ಕಮ್ಮಾರನಿಗೆ ಒಲೆ ಸಿಕ್ಕಾಗಿತ್ತು, ಅವನಿಗೆ ಇದರಲ್ಲಿ ಏನೂ ಲಾಭವಿರಲಿಲ್ಲ. ಆದರೂ ಕೇರಿಯ ಕೆಲಸವೆಂದು ಕುಲುಮೆಯ ತಿದಿಯನ್ನೇ ಹೊತ್ತು ತಂದು ಒಲೆಯ ಬಾಯಿಗೆ ಹಿಡಿದ. ನಾಲ್ಕು ಸಲ ಒತ್ತಿದ. ದೀಪ ಹಸಿರಿನಿಂದ ಹಳದಿಗೆ ನಿಲ್ಲದೆ ಕೆಂಪಿಗೆ ಹಾರಿತು. ಐದನೆಯ ಸಲ ಒತ್ತಿದಾಗ ಮೂರು ತಿಂಗಳು ತುಟಿ ಬಿಚ್ಚದ ಯಂತ್ರ ಕೀರಲು ದನಿಯಲ್ಲಿ ಕಿರುಚತೊಡಗಿತು.

ಅದಕ್ಕೆ ಕಿರುಚಲು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಕಿರುಚಿದರೆ ನಗರದಲ್ಲಿ ಕೂತವರು ಮನೆಗೆ ಬೆಂಕಿ ಬಿದ್ದಿದೆ ಎಂದು ತಿಳಿಯುತ್ತಾರೆಂಬುದೂ ಗೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಕೆಂಪು ಬಂಡಿಯೊಂದು ಗಂಟೆ ಬಾರಿಸುತ್ತ ಬಂದು ಹಗ್ಗದ ಓಣಿಗೆ ನುಗ್ಗಿತು. ಓಣಿಯ ಉದ್ದಕ್ಕೂ ಅಂದು ಬೆಳಿಗ್ಗೆ ಹುರಿ ಹಾಕಿದ್ದ ಹೊಸ ಹಗ್ಗ ಬಿಗಿದಿತ್ತು. ಬಂಡಿ ಹಗ್ಗಕ್ಕೆ ಸಿಕ್ಕಿ ನಿಂತಿತು. ಹಗ್ಗ ಹರಿಯಲಿಲ್ಲ ಎಂದು ಆ ಹಗ್ಗದ ಒಡೆಯ ಇಂದಿಗೂ ಗಿರಾಕಿಗಳಿಗೆ ಹೇಳಿ ಮಾರುತ್ತಾನೆ. ಬಂಡಿಯ ಹಿಂದೆ ಸಾಹೇಬರ ಕಾರು ಸಿಕ್ಕಿಕೊಂಡಿತು. ಸಾಹೇಬರು ಇಳಿದು, ಮೇಡಂ ಮತ್ತು ಗುಮಾಸ್ತನನ್ನು ಹಿಂದಿಟ್ಟುಕೊಂಡು ನಡೆದೇ ಬಂದರು. ಆ ಹೊತ್ತಿಗೆ ಹಗ್ಗದಣ್ಣನ ಮಾಡಿನ ಸಂದುಸಂದಿನಿಂದ ಹೊಗೆ ಏಳುತ್ತಿತ್ತು. ನೀರಿನ ಕೊಳವೆ ಹಿಡಿದವನು ಬಾಗಿಲಲ್ಲಿ ನಿಂತು, ಬೆಂಕಿ ಎಲ್ಲಿದೆ ತೋರಿಸಿ ಎಂದು ಕೇಳುತ್ತಿದ್ದ. ಬೆಂಕಿ ಇಲ್ಲ, ಹೊಗೆ ಮಾತ್ರ ಎಂದು ಹಗ್ಗದಣ್ಣ ಅವನಿಗೆ ವಿನಯದಿಂದ ವಿವರಿಸುತ್ತಿದ್ದ.

ಸಾಹೇಬರು ತೂಕದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಡತ. ಕರವಸ್ತ್ರವನ್ನು ಮೂಗಿಗೆ ಹಿಡಿದು ಅಡುಗೆಮನೆಗೆ ಬಗ್ಗಿ ಬಂದರು. ಮೂರು ತಿಂಗಳು ಹಸಿರಿದ್ದ ಮನೆಯಲ್ಲಿ ತಾವು ಬರುವ ದಿನವೇ ಇಷ್ಟು ಹೊಗೆ ಹೇಗೆ ಎಂದು ಕೇಳಿದರು. ಹಗ್ಗದಣ್ಣ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಕಾಲ ಸರಿಯಿಲ್ಲ, ಗಾಳಿಯ ದಿಕ್ಕು ಬದಲಾಗಿದೆ, ಹಿಂದಿನ ಸೌದೆಯ ಗುಣ ಈಗಿನದಕ್ಕಿಲ್ಲ ಎಂದು ಎಳೆ ಎಳೆಯಾಗಿ ಬಿಡುತ್ತ ಹೋದ. ಕಮ್ಮಾರ ತಿದಿಯ ಮೇಲೆ ಪಂಚೆ ಮುಚ್ಚಿ ಅದರ ಮೇಲೇ ಕೂತಿದ್ದ. ಅವನು ಅಲುಗಿದಾಗಲೆಲ್ಲ ತಿದಿ ನಿಟ್ಟುಸಿರು ಬಿಟ್ಟು ಸಾಹೇಬರ ಪ್ಯಾಂಟಿಗೆ ಬೂದಿ ಹಾರಿಸುತ್ತಿತ್ತು.

“ನಾನು ಹೇಳಲಾ ಸಾಹೇಬರೇ?” ಎಂದಳು ಹಗ್ಗದಣ್ಣನ ಹೆಂಡತಿ.

ಹಗ್ಗದಣ್ಣ ಕಣ್ಸನ್ನೆ ಮಾಡಿದ. ಆ ಹೊಗೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

“ಇವತ್ತಿನ ಹೊಗೆ ನೀವು ಬರ್ತೀರಿ ಅಂತ. ಮೂರು ತಿಂಗಳು ಹೊಗೆ ಇಲ್ಲದ್ದು ಯಂತ್ರ ಬಂತು ಅಂತ. ಅಡುಗೆ ಹಿತ್ತಲಲ್ಲಿ ಮಾಡ್ತಿದ್ದೆ. ಅದಕ್ಕೂ ಹಿಂದೆ ಹದಿನೆಂಟು ವರ್ಷ ಇದೇ ಒಲೆ ಮುಂದೆ ಕೂತಿದ್ದೆ. ಆಗ ಯಾರೂ ಅಳೆಯೋಕೆ ಬರಲಿಲ್ಲ, ನಮ್ಮನೆಯವರೂ ಬರಲಿಲ್ಲ. ತಪ್ಪು ನಮ್ಮನೇದು. ಕೇರಿಯವರ ಒಲೆ ಕಿತ್ಕೋಬೇಡಿ.”

ಸಾಹೇಬರು ಮೇಡಂ ಕಡೆ ನೋಡಿದರು. ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದಳು. ಅದು ಹೊಗೆಗೋ ಬೇರೆ ಕಾರಣಕ್ಕೋ ಹೇಳುವುದು ಕಷ್ಟ. ಹಾಗಾದರೆ ದಿನದ ಹೊಗೆ ಎಷ್ಟು, ಅದನ್ನು ತಿಳಿಯುವುದು ಹೇಗೆ ಎಂದು ಸಾಹೇಬರು ಕೇಳಿದರು. ಹೆಂಡತಿ ಹಸಿ ಸೌದೆ, ಎಲೆ, ನಾರು ಎಲ್ಲವನ್ನೂ ಎಳೆದು ಹೊರಗೆ ಹಾಕಿದಳು. ದಿನದ ಒಣ ಸೌದೆ ನಾಲ್ಕು ತುಂಡು ಇಟ್ಟಳು. ತನ್ನ ಮಣೆಯನ್ನು ಸಾಹೇಬರ ಕಡೆ ತಳ್ಳಿ, ಊದುಗೊಳವೆ ಕೈಗೆ ಕೊಟ್ಟಳು.

“ಒಂದು ಪಾವು ಅಕ್ಕಿ ಬೇಯೋವರೆಗೂ ಕೂತ್ಕೊಳ್ಳಿ. ಅಷ್ಟೇ ದಿನದ್ದು.”

ಸರ್ಕಾರಿ ನಿಯಮದಲ್ಲಿ ಇಂಥ ಸಂದರ್ಭಕ್ಕೆ ಏನು ಮಾಡಬೇಕೆಂದು ಬರೆದಿಲ್ಲ. ಸಾಹೇಬರು ಕೂತರು. ಊದಿದರು. ಮೊದಲ ಸಲ ಊದಿದ್ದಕ್ಕೆ ಬೂದಿ ಕಡತದ ಮೇಲೆ ಬಿತ್ತು. ಎರಡನೆಯದಕ್ಕೆ ಕಣ್ಣಲ್ಲಿ ನೀರು ಇಳಿಯಿತು. ನೀರು ಕುದಿಯುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. ಅಕ್ಕಿ ಹಾಕುವ ಹೊತ್ತಿಗೆ ಅವರು ಹಿತ್ತಲಲ್ಲಿದ್ದರು. ಹೊರಗೆ ಕೆಂಪು ಬಂಡಿಯವರು ಕುಡಿಯಲು ನೀರು ಕೊಟ್ಟರು. ಅಂದು ಆ ಬಂಡಿಗೆ ಸಿಕ್ಕ ಕೆಲಸ ಅದೊಂದೇ.

ನೀರು ಕುಡಿದ ಮೇಲೆ ಸಾಹೇಬರು ಒಂದೇ ಉಸಿರಿಗೆ ತೀರ್ಪು ಹೇಳಿದರು. ಎರಡನೆಯ ಹಂತ ರದ್ದಿಲ್ಲ. ಆದರೆ ಈ ಮನೆಯ ಮೂರು ತಿಂಗಳ ಲೆಕ್ಕ ಉಪಯೋಗಕ್ಕಿಲ್ಲ. ಇನ್ನು ಮೂರು ತಿಂಗಳು ಒಲೆ ಒಳಗೇ ಉರಿಯಬೇಕು, ಒಣ ಸೌದೆಯಲ್ಲಿ, ಎರಡು ಹೊತ್ತು, ಯಾವ ಉಪಚಾರವೂ ಇಲ್ಲದೆ. ಆ ಲೆಕ್ಕ ಸಿಕ್ಕಿದ ದಿನವೇ ಹದಿನಾರು ಒಲೆಗೂ ಸಹಿ.

ಕೇರಿಯವರ ಮುಖ ಅರಳಿತು. ಅರಳಿದ ಮುಖಗಳೆಲ್ಲ ಒಮ್ಮೆಲೇ ಹಗ್ಗದಣ್ಣನ ಹೆಂಡತಿಯ ಕಡೆ ತಿರುಗಿ ಬಾಡಿದವು. ಹದಿನಾರು ಮನೆಯ ಒಲೆ ಇನ್ನು ಮೂರು ತಿಂಗಳು ಅವಳ ಕಣ್ಣು ಉರಿಯುವುದರ ಮೇಲೆ ನಿಂತಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಮೇಡಂ ಹತ್ತಿರ ಬಂದಳು.

“ಒಲೆ ಒಳಗೆ ಉರೀಬೇಕು, ಅಷ್ಟೇ ತಾನೇ ಮೇಡಂ? ಮುಂದೆ ಯಾರು ಕೂರಬೇಕು ಅಂತ ಕಾಗದದಲ್ಲಿ ಇದೆಯಾ?”

ಮೇಡಂ ಕಡತ ತಿರುವಿದಳು. ಸಾಹೇಬರೂ ಬಗ್ಗಿ ನೋಡಿದರು. ಸೌದೆಯ ತೂಕವಿತ್ತು, ಒಲೆಯ ಎತ್ತರವಿತ್ತು, ಕಿಟಕಿಯ ಅಳತೆಯಿತ್ತು. ಅಡುಗೆ ಮಾಡುವವರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇಲ್ಲ ಎಂದು ಮೇಡಂ ಹೇಳಿದಾಗ ಅವಳ ದನಿಯಲ್ಲಿ ಸಂತೋಷವಿತ್ತೆಂದು ಗುಮಾಸ್ತ ಆಮೇಲೆ ನಾಲ್ಕು ಜನಕ್ಕೆ ಹೇಳಿದ.

ಕೇರಿಯ ದೃಷ್ಟಿ ಈಗ ಹಗ್ಗದಣ್ಣನ ಮೇಲೆ ಬಿತ್ತು. ಅವನು ತನಗೆ ಅಡುಗೆ ಬಾರದೆಂದ. ಹೊಗೆ ಬಂದರೆ ಸಾಕು, ಅಡುಗೆ ಬರಬೇಕೆಂದಿಲ್ಲ ಎಂದ ಕಮ್ಮಾರ.

ಹೀಗೆ ಮೂರು ತಿಂಗಳು ಹಗ್ಗದಣ್ಣ ಸಂಶೋಧನೆ ಮಾಡಿದ. ಹೆಂಡತಿ ಅವನ ಪಾಲಿನ ಹಗ್ಗ ಹೊಸೆದಳು. ಮುದುಕಿ ಹಗಲೆಲ್ಲ ಜಗಲಿಯಲ್ಲಿ ಕೂತು ನಾರು ಬಿಡಿಸಿದಳು. ಮೊದಲ ವಾರ ಅನ್ನ ತಳ ಹಿಡಿಯಿತು, ಎರಡನೆಯ ವಾರ ಮೇಲೂ ಹಿಡಿಯಿತು. ಬೇಳೆಗೆ ಉಪ್ಪು ಹಾಕಿದೆನೋ ಇಲ್ಲವೋ ಹೊಗೆಯಲ್ಲಿ ಕಾಣದೆ ಎರಡೆರಡು ಸಲ ಹಾಕಿದ. ಬಂದವರು ಏನು ಮಾಡುತ್ತಿದ್ದೀಯ ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಉತ್ತರ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು, ಮೂರನೆಯದಕ್ಕೆ ಕೆಮ್ಮು ಬರುತ್ತಿತ್ತು. ಅವನ ಮಾತು ಇಷ್ಟು ಗಿಡ್ಡವಾದದ್ದನ್ನು ಕೇರಿ ಕಂಡಿರಲಿಲ್ಲ. ಎರಡು ಸಲ ಗುಟ್ಟಾಗಿ ಕಿಟಕಿಯ ಮೇಲಿನ ಹೆಂಚು ಸರಿಸಿದ. ಎರಡು ಸಲವೂ ಕೈಗೂಸುಗಳ ತಾಯಿ ನೋಡಿ, ಏಣಿ ಹಾಕಿ, ಮುಚ್ಚಿ ಹೋದಳು.

ದೀಪ ನೇಮವಾಗಿ ಕೆಂಪಾಯಿತು. ಇಷ್ಟು ಸ್ಪಷ್ಟವಾದ ಲೆಕ್ಕ ತಮಗೆ ಯಾವ ಮನೆಯಿಂದಲೂ ಬಂದಿಲ್ಲ ಎಂದು ಮೇಡಂ ಬರೆದಳು. ಸಾಹೇಬರು ಅದನ್ನು ಪೂರ್ತಿ ಓದದೆಯೇ ಸಹಿ ಹಾಕಿದರಂತೆ.

ಒಲೆಗಳು ಬಂದವು. ಬಳಸುವುದು ಹೇಗೆಂದು ಕಲಿಸಲು ಪ್ರತಿ ಮನೆಯಿಂದ ಅಡುಗೆ ಮಾಡುವವರು ಒಬ್ಬರು ಬರಬೇಕೆಂದು ಗುಮಾಸ್ತ ಸಾರಿದ. ಹದಿನೈದು ಹೆಂಗಸರ ನಡುವೆ ಹಗ್ಗದಣ್ಣ ಕೂತು, ಬಿಲ್ಲೆ ಹಾಕುವುದನ್ನೂ ಫ್ಯಾನಿನ ಗುಂಡಿ ಒತ್ತುವುದನ್ನೂ ಕಲಿತು ಬಂದ. ಮನೆಗೆ ತಂದು, ಹಳೆಯ ಒಲೆಯ ಜಾಗದಲ್ಲಿಟ್ಟು, ಹಚ್ಚಿದ. ನೀಲಿ ಉರಿ ಸದ್ದಿಲ್ಲದೆ ಎದ್ದಿತು. ಮೇಲೆ ಒಂದು ಎಳೆ ಹೊಗೆಯೂ ಇಲ್ಲ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಹಿತ್ತಲಿಗೆ ಹೋಗಿ, ಹಗ್ಗಕ್ಕೆ ಹುರಿ ಹಾಕುತ್ತ ಹಿಂದೆ ಹಿಂದೆ ನಡೆಯುತ್ತಿದ್ದ ಹೆಂಡತಿಯ ಎದುರು ನಿಂತ.

“ಬಾ, ಒಳಗೆ ಬಂದು ನೋಡು. ಇನ್ನು ಕೂತು ಅಡುಗೆ ಮಾಡೋಕೆ ಏನೂ ಕಷ್ಟ ಇಲ್ಲ ಕಣೆ. ಹೊಗೇನೇ ಇಲ್ಲ.”

“ಹೌದಾ?” ಎಂದಳು ಅವಳು, ಹಗ್ಗ ಬಿಡದೆ, ಇನ್ನೊಂದು ಹೆಜ್ಜೆ ಹಿಂದಿಟ್ಟು. “ಸದ್ಯ. ನಿಮ್ಮ ಕಣ್ಣು ಉರಿಯೋದು ನೋಡಿ ನನಗೂ ಪಾಪ ಅನ್ನಿಸ್ತಿತ್ತು. ಹೋಗಿ, ಬೇಳೆ ಇಡಿ.”